ಇಬ್ಬರು ಶೆಟ್ಟರು, ಎರಡು ‘ಜಲ’

ನಮ್ಮ ಕಾಂದಿವಲಿಯ ಬಿಲ್ಡಿಂಗಿನಲ್ಲಿ ಇಬ್ಬರು ಆರ್. ಶೆಟ್ಟಿಗಳಿದ್ದೇವೆ. ನಾನು 304, ಅವರು 403. ಇಬ್ಬರೂ ಊರಿನ ಕಡೆಯವರೇ, ಸಂಬಂಧ ಏನೂ ಇಲ್ಲ. ಅವರ ವಿಮೆಯ ನೋಟೀಸು ನನ್ನ ಬಾಗಿಲಿಗೆ, ನನ್ನ ಕರೆಂಟು ಬಿಲ್ಲು ಅವರ ಬಾಗಿಲಿಗೆ. ಇದೆಲ್ಲ ನಗುವ ವಿಷಯವೇ ಆಗಿತ್ತು, ಅಕ್ಕನ ಮಗಳ ಮದುವೆ ಕಾಗದ ಅವರ ಟೀಪಾಯಿಯ ಮೇಲೆ ಹದಿನೈದು ದಿನ ಬಿದ್ದುಕೊಂಡಿರುವವರೆಗೆ! ಯಾರೋ ದೂರದ ನೆಂಟರಿರಬೇಕು ಅಂತ ಅವರು ಸುಮ್ಮನಿದ್ದರಂತೆ. ‘ಕಾಗದ ಕಳಿಸಿದ್ರೂ ಒಂದು ಫೋನ್ ಮಾಡ್ಲಿಲ್ವಲ್ಲ ತಮ್ಮ’ ಅಂತ ಅಕ್ಕ ಇವತ್ತಿಗೂ ಆಡಿಕೊಳ್ಳುತ್ತಾಳೆ.

ಆ ವರ್ಷದ ಸೊಸೈಟಿ ಮೀಟಿಂಗಿನಲ್ಲಿ ನಾನೇ ಈ ವಿಷಯ ಎತ್ತಿದೆ. ಬಂದಿದ್ದವರು ಒಂಬತ್ತು ಜನ, ಅದರಲ್ಲಿ ಇಬ್ಬರು ಚಹಾಕ್ಕೆ ಬಂದವರು. ತೀರ್ಮಾನ ಎರಡೇ ನಿಮಿಷದಲ್ಲಿ ಆಯಿತು: ಮೊದಲು ಮನೆ ಕೊಂಡವನು ನಾನು, ಹಾಗಾಗಿ ಕೆಳಗಿನ ಬೋರ್ಡಿನಲ್ಲಿ ‘ಆರ್. ಶೆಟ್ಟಿ’ ಅಂದರೆ ನಾನೇ. ಅವರು ಹೆಸರಿಗೆ ನಂಬರು ಸೇರಿಸಿಕೊಳ್ಳಲಿ. ನಾನು ಖುಷಿಯಾಗಿ ಮೇಲೆ ಬಂದೆ. ಮರುದಿನ ಲಿಫ್ಟಿನಲ್ಲಿ ಅವರು ನನ್ನ ಮುಖ ನೋಡಲಿಲ್ಲ. ‘ನೀವು ಮೀಟಿಂಗಿಗೆ ಬರಬೇಕಿತ್ತಲ್ಲ’ ಅಂತ ಬಾಯಿಗೆ ಬಂತು, ನುಂಗಿಕೊಂಡೆ.

ಈ ಕತೆ ಯಾಕೆ ಅಂದರೆ, ಇಂಟರ್ನೆಟ್ಟಿನ ಹೆಸರುಗಳ ಜಗಳವೂ ಹೆಚ್ಚುಕಡಿಮೆ ಇಂಥದ್ದೇ. ಅಲ್ಲೂ ಒಂದು ಬೋರ್ಡಿದೆ. ಯಾರ ಹೆಸರು ಯಾವ ಅಕ್ಷರದಲ್ಲಿ ಬರೆಯಬಹುದು ಅಂತ ತೀರ್ಮಾನಿಸುವ ಮೀಟಿಂಗುಗಳಿವೆ. ಬಂದವರ ಮಾತು ನಡೆಯುತ್ತದೆ, ಬಾರದವರು ಆಮೇಲೆ ಗೊಣಗುತ್ತಾರೆ.

ಬೋರ್ಡನ್ನು ನೋಡಿಕೊಳ್ಳುವ ಸಂಸ್ಥೆ ಐಕ್ಯಾನ್. 1998ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ್ದು. ಡಾಟ್ ಕಾಮ್, ಡಾಟ್ ಇನ್ ತರಹದ ಕೊನೆಯ ತುಣುಕುಗಳ ಪಟ್ಟಿ ಅದರ ಕೈಯಲ್ಲಿದೆ. ಬಹಳ ಕಾಲ ಈ ಕೆಲಸ ಅಮೆರಿಕ ಸರ್ಕಾರದ ಒಂದು ಕರಾರಿನಡಿ ನಡೆಯುತ್ತಿತ್ತು. ‘ಜಗತ್ತಿನ ಬೋರ್ಡಿನ ಕೀಲಿಕೈ ಒಂದೇ ದೇಶದ ಹತ್ತಿರ ಯಾಕೆ?’ ಅಂತ ಉಳಿದ ದೇಶಗಳು ಕೇಳುತ್ತಲೇ ಇದ್ದವು. 2011ರಲ್ಲಿ ನಮ್ಮ ಭಾರತವೇ ವಿಶ್ವಸಂಸ್ಥೆಯಲ್ಲಿ 50 ದೇಶಗಳ ಒಂದು ಸಮಿತಿ ಮಾಡೋಣ ಅಂದಿತ್ತು. ಆಮೇಲೆ 2015ರಲ್ಲಿ, ಸರ್ಕಾರಗಳಷ್ಟೇ ಅಲ್ಲ, ಕಂಪನಿಗಳು, ತಂತ್ರಜ್ಞರು, ಜನಸಾಮಾನ್ಯರು ಎಲ್ಲರೂ ಕೂತು ತೀರ್ಮಾನಿಸುವ ಪದ್ಧತಿಗೇ ನಮ್ಮ ಬೆಂಬಲ ಅಂತ ಹೇಳಿತು. ಅಮೆರಿಕದ ಆ ಕರಾರು 2016ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಯಾರ ಮನೆಯ ನೆಟ್ಟೂ ಕಟ್ ಆಗಲಿಲ್ಲ ಬಿಡಿ!

ಇದೆಲ್ಲ ದೂರದ ಮಾತು ಅಂತ ನಾನೂ ಅಂದುಕೊಂಡಿದ್ದೆ. ಆದರೆ ಕಾಂದಿವಲಿಯಿಂದ ಸ್ಲೋ ಲೋಕಲ್ ಹಿಡಿದು ವಿಲೇಪಾರ್ಲೆಯಲ್ಲಿ ಇಳಿದರೆ ಸಿಗುವ ಜುಹೂವಿನಲ್ಲಿ ಎನ್‌ಸಿಎಸ್‌ಟಿ ಅಂತ ಒಂದು ಸರ್ಕಾರಿ ಸಂಸ್ಥೆ ಇತ್ತು. ನ್ಯಾಷನಲ್ ಸೆಂಟರ್ ಫಾರ್ ಸಾಫ್ಟ್‌ವೇರ್ ಟೆಕ್ನಾಲಜಿ. ಶ್ರೀನಿವಾಸನ್ ರಮಣಿ ಅದರ ನಿರ್ದೇಶಕರಾಗಿದ್ದರು. 1989ರಲ್ಲಿ ದೇಶಕ್ಕೆ ‘ಡಾಟ್ ಇನ್’ ಸಿಕ್ಕಿತು, ಆಮೇಲೆ ವರ್ಷಗಟ್ಟಲೆ ಆ ಹೆಸರುಗಳ ರಿಜಿಸ್ಟರು ಇದ್ದದ್ದು ಈ ಜುಹೂ ಕಚೇರಿಯಲ್ಲಿ. ನಿಯಮ ಎಷ್ಟು ಬಿಗಿ ಅಂದರೆ 2004ರವರೆಗೆ ಇಡೀ ದೇಶಕ್ಕೆ ಸುಮಾರು 7000 ಹೆಸರುಗಳು ಮಾತ್ರ. 2005ರ ಜನವರಿಯಿಂದ ಬಾಗಿಲು ತೆರೆದು, ಕೆಲಸ ನಿಕ್ಸಿ ಎಂಬ ಸಂಸ್ಥೆಗೆ ಹೋಯಿತು.

ಇನ್ನೊಂದು ಮುಂಬಯಿ ನೆಂಟಸ್ತಿಕೆ ಹೇಳಿಬಿಡುತ್ತೇನೆ. ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದ ಯು. ಬಿ. ಪವನಜ ಅವರು 1996ರಲ್ಲಿ ‘ವಿಶ್ವಕನ್ನಡ’ ಶುರು ಮಾಡಿದರು, ಕನ್ನಡದ ಮೊದಲ ಅಂತರಜಾಲ ಪತ್ರಿಕೆ. ಅವರ ಹೆಸರು ನೆನಪಿರಲಿ, ಮುಂದೆ ಮತ್ತೆ ಬರುತ್ತದೆ.

2008ರ ಡಿಸೆಂಬರ್ 3ರಿಂದ 6ರವರೆಗೆ ಹೈದರಾಬಾದಿನಲ್ಲಿ ವಿಶ್ವಸಂಸ್ಥೆಯ ಇಂಟರ್ನೆಟ್ ಗವರ್ನೆನ್ಸ್ ಫೋರಂ ಸೇರಿತು. ತಾರೀಖು ನೋಡಿ. ನವೆಂಬರ್ 26ರ ರಾತ್ರಿ ಸಿಎಸ್‌ಟಿಯಲ್ಲಿ ಏನಾಯಿತು ಅಂತ ಮುಂಬಯಿಯವರಿಗೆ ಹೇಳಬೇಕಾಗಿಲ್ಲ. ಬರಬೇಕಿದ್ದ ಕೆಲವರು ಪ್ರಯಾಣ ರದ್ದು ಮಾಡಿದರು, ಆದರೂ ಸಭೆ ನಿಲ್ಲಲಿಲ್ಲ. ಈ ಸಭೆಗೆ ನಿರ್ಣಯ ಮಾಡುವ ಅಧಿಕಾರ ಇಲ್ಲ, ಮಾತಾಡುವುದಷ್ಟೇ. ಇಂಗ್ಲಿಷ್ ಬಾರದವನಿಗೂ ಇಂಟರ್ನೆಟ್ ಹೇಗೆ ಮುಟ್ಟಬೇಕು ಎಂಬುದು ಅಲ್ಲಿನ ಮುಖ್ಯ ಚರ್ಚೆಗಳಲ್ಲಿ ಒಂದು. ಬರೀ ಮಾತಿನಿಂದ ಏನಾಗುತ್ತದೆ ಅಂತೀರಾ? ಮರುವರ್ಷ, 2009ರ ಅಕ್ಟೋಬರಿನಲ್ಲಿ ಸಿಯೋಲಿನಲ್ಲಿ ಸೇರಿದ ಐಕ್ಯಾನ್, ದೇಶದ ಹೆಸರನ್ನು ಆಯಾ ದೇಶದ ಲಿಪಿಯಲ್ಲೇ ಬರೆಯಬಹುದು ಅಂತ ಒಪ್ಪಿತು. 2010ರ ಮೇ ತಿಂಗಳಲ್ಲಿ ಈಜಿಪ್ಟ್, ಸೌದಿ, ಯುಎಇಗಳ ಅರಬ್ಬೀ ಹೆಸರು ಬೋರ್ಡಿಗೇರಿದವು. ನಮ್ಮ ಗಲ್ಫ್ ನೆಂಟರು ಇದರಲ್ಲೂ ಮುಂದೆ!

ಭಾರತಕ್ಕೆ 2011ರಲ್ಲಿ ಒಪ್ಪಿಗೆ ಸಿಕ್ಕಿದ್ದು ಏಳು ಭಾಷೆಗಳಿಗೆ. ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ, ತಮಿಳು, ತೆಲುಗು, ಉರ್ದು. ಕನ್ನಡ ಎಲ್ಲಿ? ಇರಲಿಲ್ಲ. ಮಲಯಾಳ, ಒಡಿಯಾ, ಅಸ್ಸಾಮಿಗಳ ಜೊತೆ ಅದು ಎರಡನೇ ಕಂತಿನಲ್ಲಿ ಬಂತು. ಪಟ್ಟಿ ಓದಿದಾಗ ನನಗೆ 403ರ ಶೆಟ್ಟರ ಮುಖ ನೆನಪಾಯಿತು.

ಇಲ್ಲಿ ಒಂದು ಮಜಾ ಇದೆ. ಕಂಪ್ಯೂಟರಿಗೆ ಭಾಷೆ ಗೊತ್ತಿಲ್ಲ, ಲಿಪಿ ಮಾತ್ರ ಗೊತ್ತು. ಕಾಂದಿವಲಿ ಸ್ಟೇಷನ್ನಿನ ಬೋರ್ಡಿನಲ್ಲಿ ಮರಾಠಿ, ಹಿಂದಿ ಎರಡಕ್ಕೂ ಒಂದೇ ಅಕ್ಷರ. ಹಾಗೆಯೇ ನಾಗರಿಯ ‘ಡಾಟ್ ಭಾರತ್’ ಒಂದೇ ಸಾಕು, ಹಿಂದಿ, ಮರಾಠಿ, ಕೊಂಕಣಿ ಎಲ್ಲಕ್ಕೂ. ಕನ್ನಡ, ತೆಲುಗಿನ ಕತೆ ತಿರುಗಾಮುರುಗಾ. ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ. ನಮ್ಮ ‘ಬ’ಗೆ ಯೂನಿಕೋಡಿನಲ್ಲಿ 3244ನೇ ನಂಬರು, ತೆಲುಗಿನ ‘ಬ’ಗೆ 3116. ಮನೆ ನಂಬರು ಬೇರೆ, ಮುಖ ಒಂದೇ!

‘ಜಲ’ ಅಂತ ಕನ್ನಡದಲ್ಲಿ ಬರೆಯಿರಿ, ಪಕ್ಕದಲ್ಲಿ ತೆಲುಗಿನಲ್ಲಿ ಬರೆಯಿರಿ. ನನ್ನ ಕನ್ನಡಕಕ್ಕಂತೂ ವ್ಯತ್ಯಾಸ ಕಾಣುವುದಿಲ್ಲ. ಒಂದೇ ಹೊಟ್ಟೆಯ ಮಕ್ಕಳಲ್ಲವೇ, ಅಚ್ಚಿನ ಮೊಳೆ ಬಂದ ಮೇಲೆ ಪೂರ್ತಿ ಬೇರೆಯಾದವರು. ಈಗ ಕನ್ನಡದ ‘ಜಲ’ವನ್ನು ಒಬ್ಬ, ತೆಲುಗಿನ ‘ಜಲ’ವನ್ನು ಇನ್ನೊಬ್ಬ ಕೊಂಡರೆ? ಒಬ್ಬ ನೀರಿನ ಬಿಲ್ಲು ಕಟ್ಟಿಸಿಕೊಳ್ಳುವ ಕಚೇರಿ, ಇನ್ನೊಬ್ಬ ಕಳ್ಳ ಅಂದುಕೊಳ್ಳಿ. ದುಡ್ಡು ಎಲ್ಲಿಗೆ ಹೋಯಿತು ಅಂತ ನಮಗೆ ತಿಳಿಯುವುದು ತಿಂಗಳ ಮೇಲೆ. ಇದು ಬರೀ ಊಹೆಯಲ್ಲ. ಇಂಗ್ಲಿಷಿನ ‘ಎ’ ಜಾಗದಲ್ಲಿ ಅದರಂತೆಯೇ ಕಾಣುವ ರಷ್ಯನ್ ಅಕ್ಷರ ಇಟ್ಟು ಹೆಸರಾಂತ ತಾಣದ ಅವಳಿಯನ್ನು ಮಾಡಬಹುದು ಅಂತ 2005ರಲ್ಲೇ ತಂತ್ರಜ್ಞರು ತೋರಿಸಿದ್ದರು.

ಇದನ್ನು ಬಗೆಹರಿಸಲು ‘ನವ ಬ್ರಾಹ್ಮಿ’ ಹೆಸರಿನ ಸಮಿತಿ ಕೂತಿತು. ಕನ್ನಡ, ತೆಲುಗು, ತಮಿಳು, ಮಲಯಾಳ, ನಾಗರಿ, ಬಂಗಾಳಿ, ಗುಜರಾತಿ, ಗುರ್ಮುಖಿ, ಒಡಿಯಾ, ಒಟ್ಟು ಒಂಬತ್ತು ಲಿಪಿಗಳ ಜನ. ಕನ್ನಡದ ಪರವಾಗಿ ಅಲ್ಲಿದ್ದವರಲ್ಲಿ ಅದೇ ಪವನಜ ಒಬ್ಬರು. ಯಾವ ಅಕ್ಷರದ ಮೇಲೆ ಯಾವ ಚಿಹ್ನೆ ಬರಬಹುದು, ನಮ್ಮ ಯಾವ ಅಕ್ಷರ ನೆರೆಯವರ ಯಾವ ಅಕ್ಷರದಂತೆ ಕಾಣುತ್ತದೆ ಅಂತ ಒಂದೊಂದಾಗಿ ಪಟ್ಟಿ ಮಾಡಿದರು. ಕನ್ನಡದ ಪಟ್ಟಿ 2019ರಲ್ಲಿ ಸಿದ್ಧವಾಯಿತು. ಬೋರ್ಡಿನ ಮೇಲ್ಸಾಲಿನ ಹೆಸರುಗಳಿಗೆ ನಿಯಮ ಹೀಗೆ: ಪೂರ್ತಿ ಅವಳಿಯಂತೆ ಕಾಣುವ ಎರಡು ಹೆಸರಿದ್ದರೆ, ಒಂದು ಬೋರ್ಡಿಗೇರಿದ ಮೇಲೆ ಇನ್ನೊಂದು ಯಾರಿಗೂ ಇಲ್ಲ, ಬೀಗ. ಕನ್ನಡ ಮೊದಲು ಬಂದರೆ ತೆಲುಗಿಗೆ ಬೀಗ, ತೆಲುಗು ಮೊದಲು ಬಂದರೆ ನಮಗೆ. ನಮ್ಮ ಸೊಸೈಟಿಯ ನಿಯಮಕ್ಕೂ ಇದಕ್ಕೂ ಒಂದೇ ವ್ಯತ್ಯಾಸ. ಇದನ್ನು ಮಾಡುವಾಗ ಇಬ್ಬರು ಶೆಟ್ಟರೂ ಕೂತಿದ್ದರು.

ಆದರೆ ದೇಶದ ಹೆಸರಿಗೆ ಈ ತಂಟೆ ಬರಲಿಲ್ಲ. ತೆಲುಗಿನಲ್ಲಿ ಅದು ‘ಭಾರತ್’, ಕೊನೆಗೆ ಅರ್ಧಾಕ್ಷರ. ಕನ್ನಡದಲ್ಲಿ ತುಂಬುಬಾಯಿಯ ‘ಭಾರತ’. ನಮ್ಮಮ್ಮ ಹೇಳುತ್ತಿದ್ದ ಹಾಗೆಯೇ. ಹಿಂದಿಯಿಂದ ಯಾಂತ್ರಿಕವಾಗಿ ನಕಲು ಮಾಡಿದ್ದರೆ ನಮಗೂ ಬಾಲ ಕತ್ತರಿಸಿದ ಹೆಸರೇ ಸಿಗುತ್ತಿತ್ತು. ಒಂದು ‘ಅ’ಕಾರ ಉಳಿದಿದೆ, ಸಣ್ಣ ಸಂಗತಿ ಅನ್ನಿಸೀತು, ನನಗಂತೂ ಅಲ್ಲ.

ಎಲ್ಲ ಸರಿಹೋಯಿತು ಅಂದುಕೊಳ್ಳಬೇಡಿ. ಮಗ ನನಗೊಂದು ಪೂರ್ತಿ ಕನ್ನಡದ ಇಮೇಲ್ ವಿಳಾಸ ಮಾಡಿಕೊಟ್ಟ. ಹುಮ್ಮಸ್ಸಿನಲ್ಲಿ ಒಂದು ಬ್ಯಾಂಕಿನ ಫಾರ್ಮಿನಲ್ಲಿ ತುಂಬಿದೆ. ‘ಸರಿಯಾದ ವಿಳಾಸ ಕೊಡಿ’ ಅಂತ ಕೆಂಪು ಅಕ್ಷರ. ಮತ್ತೆ ತುಂಬಿದೆ, ಮತ್ತೆ ಕೆಂಪು. ಮುಂಬಯಿಗೆ ಬಂದ ಹೊಸದರಲ್ಲಿ ರೇಷನ್ ಆಫೀಸಿನಲ್ಲಿ ನನ್ನ ಊರಿನ ಹೆಸರು ಕೇಳಿ ಗುಮಾಸ್ತ ‘ಹಾಗೆ ಊರು ಇರುತ್ತಾ?’ ಅಂದಿದ್ದ. ಅದೇ ಅನುಭವ. ಬೋರ್ಡಿನಲ್ಲಿ ಹೆಸರು ಬಂದರೆ ಸಾಲದು, ಪೋಸ್ಟ್‌ಮನ್ನಿಗೆ ಓದಲು ಬರಬೇಕು. ಇದಕ್ಕಾಗಿಯೇ 2023ರಿಂದ ‘ಯೂನಿವರ್ಸಲ್ ಅಕ್ಸೆಪ್ಟೆನ್ಸ್’ ದಿನ ಅಂತ ಒಂದನ್ನು ಆಚರಿಸುತ್ತಿದ್ದಾರೆ. ಇನ್ನು ನನ್ನ ಮನೆಮಾತು ತುಳು. ಅದರ ಹಳೆಯ ಲಿಪಿ ಯೂನಿಕೋಡಿಗೆ ಬಂದಿದ್ದೇ 2024ರಲ್ಲಿ. ಅದು ಬೋರ್ಡಿಗೇರುವುದನ್ನು ಮೊಮ್ಮಕ್ಕಳು ನೋಡಿಯಾರು, ಅದೂ ಯಾರಾದರೂ ಹೋಗಿ ಕೂತರೆ.

ನಮ್ಮ ಸೊಸೈಟಿಗೆ ಬರೋಣ. ಮುಂದಿನ ವರ್ಷದ ಮೀಟಿಂಗಿಗೆ 403ರವರು ಎಲ್ಲರಿಗಿಂತ ಮೊದಲು ಬಂದು ಮುಂದಿನ ಕುರ್ಚಿಯಲ್ಲಿ ಕೂತಿದ್ದರು. ನಾನೇ ಎದ್ದು ಹೇಳಿದೆ, ‘ಇಬ್ಬರಿಗೂ ನಂಬರು ಇರಲಿ, ನನಗೂ.’ ಈಗ ಬೋರ್ಡಿನಲ್ಲಿ ‘ಆರ್. ಶೆಟ್ಟಿ 304’, ‘ಆರ್. ಶೆಟ್ಟಿ 403’ ಅಂತಿದೆ. ಕಾಗದಗಳು ಸರಿಯಾಗಿ ಬರುತ್ತಿವೆ. ಲಿಫ್ಟಿನಲ್ಲಿ ಮಾತೂ ಆಡುತ್ತಾರೆ.

ಅಕ್ಕ ಮಾತ್ರ ಇನ್ನೂ ಕ್ಷಮಿಸಿಲ್ಲ.