ಬಸುರಿಯ ತಟ್ಟೆ ಮತ್ತು ಪುಂಡಿಪಲ್ಲೆ

ಬಸುರಿಗೆ ಬುದ್ಧಿ ಹೇಳುವುದಕ್ಕೆ ಯಾರೂ ಯಾವ ಪರೀಕ್ಷೆಯನ್ನೂ ಪಾಸು ಮಾಡಬೇಕಾಗಿಲ್ಲ. ಅತ್ತೆ ಒಂದು ಹೇಳುತ್ತಾಳೆ. ತಾಯಿ ಊರಿನಿಂದ ಫೋನಿನಲ್ಲಿ ಇನ್ನೊಂದು ಹೇಳುತ್ತಾಳೆ. ಪಕ್ಕದ ಮನೆಯ ಗುಜರಾತಿ ಬಾಯಿಯದು ಮೂರನೆಯದು. ಪಪ್ಪಾಯಿ ಉಷ್ಣ, ಎಳ್ಳು ಉಷ್ಣ, ಮೊಸರು ಥಂಡಿ. ಕೇಸರಿ ಹಾಕಿದ ಹಾಲು ಕುಡಿದರೆ ಕೂಸು ಕೆಂಪಗೆ ಹುಟ್ಟುತ್ತದೆ, ಕಬ್ಬಿಣದ ಗುಳಿಗೆ ನುಂಗಿದರೆ ಕಪ್ಪಗೆ! ಇಷ್ಟೆಲ್ಲ ಮಾತಿನ ಗದ್ದಲದಲ್ಲಿ, "ಈ ಹೊತ್ತು ಏನು ಉಂಡೆಯವ್ವಾ, ಎಷ್ಟು ಉಂಡೆ?" ಎಂದು ಕೇಳುವವರು ಮಾತ್ರ ವಿರಳ.

ನಮ್ಮ ಉತ್ತರ ಕರ್ನಾಟಕದ ಮನೆಗಳಲ್ಲಿ ಬಾಣಂತಿಯ ಉಪಚಾರವೆಂದರೆ ಒಂದು ಶಾಸ್ತ್ರವೇ ಸರಿ. ಅಂಟಿನ ಉಂಡಿ, ಅಳ್ವಿ ಪಾಯಸ, ಕೊಬ್ಬರಿ, ಖಾರೀಕು, ತುಪ್ಪ ಇವನ್ನೆಲ್ಲ ಬಡವರೂ ಸಾಲ ಮಾಡಿಯಾದರೂ ಒದಗಿಸುತ್ತಾರೆ. ಆದರೆ ಅದೇ ಹೆಂಗಸು ಬಸುರಿಯಾಗಿದ್ದ ಒಂಬತ್ತು ತಿಂಗಳು? ಏಳನೆಯ ತಿಂಗಳಲ್ಲಿ ಕುಬಸದ ದಿನ ಹಸಿರು ಸೀರೆ ಉಡಿಸಿ, ಹೂ ಮುಡಿಸಿ, ತಟ್ಟೆಯ ತುಂಬ ಐದು ತರದ ಸಿಹಿ ಬಡಿಸುತ್ತೇವೆ. ಮರುದಿನದಿಂದ ಎಲ್ಲರದೂ ಆದ ಮೇಲೆ ಗಡಿಗೆಯಲ್ಲಿ ಏನು ಉಳಿದಿದೆಯೋ ಅದೇ ಅವಳ ಪಾಲು. ಕೂಸು ಹುಟ್ಟಿದ ಮೇಲೆ ತೋರಿಸುವ ಈ ಔದಾರ್ಯದಲ್ಲಿ ನಾಲ್ಕಾಣೆಯಷ್ಟನ್ನಾದರೂ ಮೊದಲೇ ತೋರಿಸಬಾರದೆ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಈ ವಿಚಾರ ನನ್ನ ತಲೆಯಲ್ಲಿ ಬೇರೂರಿದ್ದು ಕೆಲಸದಿಂದ ನಿವೃತ್ತಳಾದ ಮೇಲೆ. ನಮ್ಮ ಉಪನಗರದಲ್ಲಿ ಒಂದರ ಮೇಲೊಂದು ಕಟ್ಟಡಗಳು ಏಳುತ್ತಿವೆ. ಅವುಗಳಿಗೆ ಇಟ್ಟಿಗೆ ಹೊರುವವರಲ್ಲಿ ಯಾದಗಿರಿ, ಕಲಬುರಗಿ, ವಿಜಯಪುರದ ಕಡೆಯ ನಮ್ಮ ಹೆಣ್ಣುಮಕ್ಕಳು ಬಹಳ. ಹತ್ತಿರದ ಅಂಗನವಾಡಿಯಲ್ಲಿ ಬಸುರಿಯರಿಗೆ ಆಹಾರದ ತಿಳಿವಳಿಕೆ ಕೊಡುತ್ತಾರೆ. ಗೋಡೆಯ ಮೇಲೆ ಚೆಂದದ ಚಿತ್ರಪಟಗಳೂ ಇವೆ. ಎಲ್ಲವೂ ಮರಾಠಿಯಲ್ಲಿ. ಅಲ್ಲಿಯ ಕಾರ್ಯಕರ್ತೆ ಒಳ್ಳೆಯ ಹೆಂಗಸು, ಬಾಯಿ ನೋಯುವಷ್ಟು ಹೇಳುತ್ತಾಳೆ. ನಮ್ಮವರು ಗೋಣು ಆಡಿಸಿ ಎದ್ದು ಹೋಗುತ್ತಾರೆ. ಇದನ್ನು ಕಂಡು ಸಂಘದ ನಾವು ಮೂವರು ಹೆಂಗಸರು ಗುರುವಾರ ಮಧ್ಯಾಹ್ನ ಅಲ್ಲಿ ಹೋಗಿ ಕೂತು, ಅವಳ ಮಾತನ್ನು ಕನ್ನಡದಲ್ಲಿ ಹೇಳತೊಡಗಿದೆವು.

ಮೊದಲನೆಯ ದಿನವೇ ಯಾದಗಿರಿಯ ಕಡೆಯ ಹುಡುಗಿಯೊಬ್ಬಳು, ಆರು ತಿಂಗಳ ಬಸುರಿ, ನನ್ನನ್ನು ಕೇಳಿದಳು: "ಅಕ್ಕಾರ, ಹೊಟ್ಟಿ ತುಂಬ ಉಂಡ್ರ ಕೂಸಿಗೆ ಜಾಗಾ ಎಲ್ಲಿರ್ತದ್ರೀ? ಕೂಸು ದೊಡ್ಡದಾದ್ರ ಹಡಿಯೂದು ಕಷ್ಟ ಅಂತಾಳ ನಮ್ಮತ್ತಿ."

ನಗಬೇಡಿ. ಇದು ಮೂಢತನದ ಮಾತಲ್ಲ, ಹೆದರಿಕೆಯ ಮಾತು. ಹತ್ತು ಹರದಾರಿಯೊಳಗೆ ಡಾಕ್ಟರಿಲ್ಲದ ಊರಲ್ಲಿ ಕೂಸು ಅಡ್ಡ ಸಿಕ್ಕಿಕೊಂಡರೆ ತಾಯಿ ಸಾಯುವುದನ್ನು ನಮ್ಮ ಹಿರಿಯರು ಕಣ್ಣಾರೆ ಕಂಡಿದ್ದರು. ಕಡಿಮೆ ಉಂಡು ಸಣ್ಣ ಕೂಸನ್ನು ಹಡೆದು ಜೀವ ಉಳಿಸಿಕೊಳ್ಳುವುದು ಅವರ ಲೆಕ್ಕ. ದಕ್ಷಿಣ ಕನ್ನಡದ ಹಳ್ಳಿಗಳಲ್ಲಿಯೂ ಇಂಥದೇ ನಂಬಿಕೆಯಿದ್ದುದನ್ನು ವಿದ್ವಾಂಸರು ಬರೆದಿಟ್ಟಿದ್ದಾರೆ. ಈ ಲೆಕ್ಕದಲ್ಲಿ ಸೋಲುವುದು ಕೂಸು. ಹುಟ್ಟುವಾಗ ಎರಡೂವರೆ ಕಿಲೋಗಿಂತ ಕಡಿಮೆಯಿದ್ದ ಕೂಸಿಗೆ ಮೊದಲ ತಿಂಗಳುಗಳಲ್ಲಿ ಬದುಕುವುದೇ ಕಠಿಣ. ಈ ಹುಡುಗಿಯ ಚೊಚ್ಚಲ ಕೂಸು ಎರಡು ಕಿಲೋ ಕೂಡ ಇರಲಿಲ್ಲ. ಹನ್ನೊಂದನೆಯ ದಿನ ಹೋಗಿಬಿಟ್ಟಿತು. ಅದನ್ನು ಹೇಳುವಾಗ ಅವಳು ಅಳಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೂತಿದ್ದಳು. ಆಗ ಅವಳನ್ನು ಹೆರಿಗೆಗೆ ಸೇರಿಸಿದ ಆಸ್ಪತ್ರೆಯಲ್ಲಿ "ನೀನು ಸರಿಯಾಗಿ ಊಟ ಮಾಡಲಿಲ್ಲ" ಎಂದು ಗದರಿಸಿದರಂತೆ. ಗದರಿಸುವುದನ್ನೇ ಶಿಕ್ಷಣವೆಂದು ತಿಳಿದವರು ಎಲ್ಲ ಕಡೆಯೂ ಇದ್ದಾರೆ.

ಬಸುರಿಯ ಊಟದ ವಿಚಾರ ಮುಂಬಯಿಗೆ ಹೊಸದಲ್ಲ. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ಡಾಕ್ಟರಮ್ಮ ಇಲ್ಲಿಗೆ ಬಂದರು. ಬಟ್ಟೆ ಗಿರಣಿಗಳ ಬಸುರಿ ಹೆಂಗಸರು ರಕ್ತಹೀನತೆಯಿಂದ ಬಿಳಿಚಿಕೊಂಡು ಸಾಯುತ್ತಿದ್ದ ಕಾಲ ಅದು. ಆಕೆ ಹಾಫ್‌ಕಿನ್ ಸಂಸ್ಥೆಯಲ್ಲಿ ಕೆಲಸ ಮಾಡಿ, ಇದಕ್ಕೆ ಕಾರಣ ರೋಗಾಣುವಲ್ಲ, ಊಟದ ಕೊರತೆ ಎಂದು ಕಂಡುಕೊಂಡರು. ಯೀಸ್ಟಿನ ಸಾರವಾದ ಮಾರ್ಮೈಟನ್ನು ತಿನ್ನಿಸಿದಾಗ ಹೆಂಗಸರು ಚೇತರಿಸಿಕೊಂಡರು; 1931ರಲ್ಲಿ ಅದನ್ನು ಪ್ರಕಟಿಸಿದರು. ಆ ಸಾರದೊಳಗಿನ ಗುಣವಸ್ತುವನ್ನು ಹತ್ತು ವರುಷದ ಮೇಲೆ, 1941ರಲ್ಲಿ, ಅಮೆರಿಕದ ವಿಜ್ಞಾನಿಗಳು ನಾಲ್ಕು ಟನ್ ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿದರು. ಲ್ಯಾಟಿನ್ನಿನಲ್ಲಿ ಎಲೆಗೆ 'ಫೋಲಿಯಂ' ಎನ್ನುತ್ತಾರಾದ್ದರಿಂದ ಅದಕ್ಕೆ ಫೋಲಿಕ್ ಆಸಿಡ್ ಎಂದು ಹೆಸರಾಯಿತು. ಇಂದು ನಾಲ್ಕನೆಯ ತಿಂಗಳಿಂದ ಸರಕಾರ 180 ದಿನ ಕೊಡುವ ಗುಳಿಗೆಯಲ್ಲಿ 60 ಮಿಲಿಗ್ರಾಂ ಕಬ್ಬಿಣದ ಜೊತೆಗೆ ಇರುವುದು ಇದೇ. ಪರೇಲಿನ ಗಿರಣಿಗಳು ಹೋಗಿ ಮಾಲುಗಳಾದವು, ಆದರೆ ರಕ್ತಹೀನತೆ ಹೋಗಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ದೇಶದ ಬಸುರಿಯರಲ್ಲಿ ನೂರಕ್ಕೆ 52 ಮಂದಿಗೆ ರಕ್ತ ಕಡಿಮೆ ಎಂದು ಕಂಡುಬಂದಿತು.

ಪುಣೆಯ ಓದುಗರಿಗೆ ಇನ್ನೊಂದು ಸಂಗತಿ. ಅಲ್ಲಿಯ ಕೆ.ಇ.ಎಂ. ಆಸ್ಪತ್ರೆಯವರು 1993ರಿಂದ ಸುತ್ತಲಿನ ಆರು ಹಳ್ಳಿಗಳ ಬಸುರಿಯರ ಊಟವನ್ನು ಅಳೆದು, ಕೂಸುಗಳನ್ನು ತೂಗಿ ನೋಡಿದರು. ಒಟ್ಟು ಕ್ಯಾಲೊರಿಗಿಂತಲೂ, ಹಸಿರು ಸೊಪ್ಪು, ಹಣ್ಣು, ಹಾಲು ಎಷ್ಟು ಸಲ ಹೊಟ್ಟೆಗೆ ಹೋದವು ಎಂಬುದರೊಂದಿಗೆ ಕೂಸಿನ ಬೆಳವಣಿಗೆ ಹೆಚ್ಚು ಹೊಂದಿಕೊಂಡಿತ್ತು. ಮೈಮುರಿಯುವ ಕೆಲಸ ಹೆಚ್ಚಿದ್ದ ತಾಯಂದಿರ ಕೂಸುಗಳು ಸಣ್ಣವಾಗಿದ್ದವು. ಇಟ್ಟಿಗೆ ಹೊರುವವಳಿಗೆ ಬರೀ 'ಸೊಪ್ಪು ತಿನ್ನು' ಎಂದರೆ ಅರ್ಧ ಮಾತು ಹೇಳಿದಂತೆ.

ಮುಂಬಯಿಯಲ್ಲಿಯೇ ಬಾಂದ್ರಾ, ಖಾರ್, ಅಂಧೇರಿಯ ಕೊಳಚೆ ವಸತಿಗಳಲ್ಲಿ 2006ರಿಂದ 'ಸರಸ್' ಎಂಬ ಪ್ರಯೋಗ ನಡೆಯಿತು. 6513 ಹೆಂಗಸರು. ಅರ್ಧ ಮಂದಿಗೆ ಸೊಪ್ಪು, ಹಣ್ಣು, ಹಾಲು ಸೇರಿಸಿದ ಸಮೋಸದಂಥ ತಿಂಡಿ ದಿನಾಲೂ. ಉಳಿದವರಿಗೆ ಬಟಾಟೆ, ಉಳ್ಳಾಗಡ್ಡಿಯಂಥವುಗಳದು. ಎಲ್ಲರನ್ನೂ ಒಟ್ಟಿಗೆ ಹಿಡಿದರೆ ಕೂಸುಗಳ ತೂಕದಲ್ಲಿ ಹೇಳುವಂಥ ಅಂತರ ಕಾಣಲಿಲ್ಲ. ಬಸುರಾಗುವುದಕ್ಕೆ ಮೂರು ತಿಂಗಳಾದರೂ ಮೊದಲೇ ತಿನ್ನತೊಡಗಿದವರ ಕೂಸುಗಳು ಮಾತ್ರ 48 ಗ್ರಾಂ ಹೆಚ್ಚು ತೂಗಿದವು. ಅದೂ ತೀರ ಸಣಕಲಾದ ತಾಯಂದಿರಲ್ಲಿ ಫಲಿಸಲಿಲ್ಲ. ಬಸುರಿನಲ್ಲಿ ಬರುವ ಸಕ್ಕರೆ ರೋಗವಂತೂ ನೂರಕ್ಕೆ 12ರಿಂದ 7ಕ್ಕೆ ಇಳಿಯಿತು. 48 ಗ್ರಾಂ ಎಂದರೆ ಒಂದು ನಿಂಬೆಹಣ್ಣಿನಷ್ಟು! ಇಷ್ಟಕ್ಕೆ ಇಷ್ಟೆಲ್ಲವೇ ಎನ್ನಬಹುದು. ನನಗಾದರೋ ಇದರಿಂದ ತಿಳಿದದ್ದು, ಏಳನೆಯ ತಿಂಗಳಲ್ಲಿ ಎಚ್ಚರಾಗುವ ನಮ್ಮ ಕುಬಸದ ಬುದ್ಧಿ ಬಹಳ ತಡವೆಂಬುದು.

ಬರೀ ಮಾತಿನಿಂದ ಏನಾದರೂ ಆಗುತ್ತದೆಯೆ? ಬೇರೆ ಬೇರೆ ದೇಶಗಳ 34 ಅಧ್ಯಯನಗಳನ್ನು ಕೂಡಿಸಿ 2012ರಲ್ಲಿ ಲೆಕ್ಕ ಹಾಕಿದಾಗ, ಆಹಾರದ ತಿಳಿವಳಿಕೆ ಪಡೆದ ತಾಯಂದಿರ ಕೂಸುಗಳು ಸರಾಸರಿ 105 ಗ್ರಾಂ ಹೆಚ್ಚು ತೂಗಿದವು. ದಿನ ತುಂಬುವ ಮೊದಲೇ ಆಗುವ ಹೆರಿಗೆಯ ಭಯ ಸುಮಾರು ಐದರಲ್ಲಿ ಒಂದು ಪಾಲು ಕಡಿಮೆಯಾಯಿತು. ಆಧಾರ ಅಷ್ಟೇನೂ ಗಟ್ಟಿಯಲ್ಲವೆಂದು ಅವರೇ ಹೇಳಿದ್ದಾರೆ. ಮಾತಿನ ಜೊತೆಗೆ ಆಹಾರವನ್ನೂ ಕೊಟ್ಟಲ್ಲಿ ಫಲ ಹೆಚ್ಚು ಎಂಬುದನ್ನೂ ಹೇಳಿದ್ದಾರೆ. ಇದಕ್ಕೆ ಪಂಡಿತರೇ ಬೇಕಿರಲಿಲ್ಲವೇನೋ!

ಗುರುವಾರದ ನಮ್ಮ ಪಾಠಶಾಲೆಯಲ್ಲಿ ನಾವು ಮೊದಲು ಕ್ಯಾಲೊರಿ, ಪ್ರೋಟೀನು ಎಂದೆಲ್ಲ ಹೇಳುವುದನ್ನು ಬಿಟ್ಟೆವು. ಬಸುರಿನ ಮೊದಲ ಮೂರು ತಿಂಗಳು ಕಳೆದ ಮೇಲೆ ದಿನಕ್ಕೆ 350 ಕ್ಯಾಲೊರಿ ಹೆಚ್ಚು ಬೇಕೆಂದು ತಜ್ಞರ ಮಾತು. ಅದನ್ನು ನಮ್ಮ ಭಾಷೆಗೆ ತಂದರೆ ದಿನಕ್ಕೆ ಒಂದು ಜೋಳದ ರೊಟ್ಟಿ, ಒಂದು ಮುಷ್ಟಿ ಶೇಂಗಾ ಹೆಚ್ಚು. ಇಷ್ಟೇ! ಕೂಸಿರುವ ಚೀಲ ಬೇರೆ, ಅನ್ನದ ಚೀಲ ಬೇರೆ ಎಂದು ಚಿತ್ರ ಬರೆದು ತೋರಿಸಿದೆವು. ಹೊಟ್ಟೆ ಬಿಗಿದಂತಾದರೆ ಒಂದೇ ಸಲ ಉಣ್ಣದೆ ನಾಲ್ಕು ಸಲ ಉಣ್ಣು ಎಂದೆವು. ಊಟದ ಜೊತೆಗೆ ಚಹಾ ಕುಡಿದರೆ ಕಬ್ಬಿಣದ ಅಂಶ ಮೈಗೆ ಹತ್ತದು, ಅದನ್ನು ಒಂದು ತಾಸು ಮುಂದೂಡು, ಪಲ್ಯದ ಮೇಲೆ ನಿಂಬೆ ಹಿಂಡು. ಗುಳಿಗೆಯಿಂದ ಮಲ ಕಪ್ಪಾಗುತ್ತದೆ, ಕೂಸಲ್ಲ.

ಇನ್ನು ಸೊಪ್ಪಿನ ಮಾತು. "ಇಲ್ಲಿ ನಮ್ಮ ಪಲ್ಲೆ ಏನೂ ಸಿಗಂಗಿಲ್ರೀ" ಎಂದು ಎಲ್ಲರದೂ ಒಂದೇ ರಾಗ. ಒಂದು ದಿನ ಅವರನ್ನು ಮಾರ್ಕೆಟ್ಟಿಗೇ ಕರೆದುಕೊಂಡು ಹೋದೆವು. ಮರಾಠಿ ಬಾಯಿ 'ಅಂಬಾಡಿ, ಅಂಬಾಡಿ' ಎಂದು ಕೂಗುತ್ತಿದ್ದ ರಾಶಿಯ ಮುಂದೆ ನಮ್ಮ ಯಾದಗಿರಿಯ ಹುಡುಗಿ ನಿಂತುಬಿಟ್ಟಳು. ಒಂದು ಎಲೆ ಕಿತ್ತು ಬಾಯಲ್ಲಿಟ್ಟುಕೊಂಡು, "ಅಯ್ಯ, ಇದು ಪುಂಡಿಪಲ್ಲೆ!" ಎಂದಳು. ಎರಡು ವರುಷದಿಂದ ಅದರ ಪಕ್ಕದಲ್ಲೇ ಓಡಾಡಿದ್ದಳು. ಶೇಪು ಎಂದರೆ ಸಬ್ಬಸಿಗೆ, ಹರಭರಾ ಎಂದರೆ ಕಡಲೆಪಲ್ಲೆ. ಹೆಸರು ಗೊತ್ತಿಲ್ಲದ್ದರಿಂದ ಕಣ್ಣೆದುರಿನ ಅನ್ನ ಅನ್ಯವಾಗಿತ್ತು. ಈಗ ಅಂಗನವಾಡಿಯ ಗೋಡೆಯ ಮೇಲೆ, ಚಿತ್ರಗಳ ಕೆಳಗೆ, ನಮ್ಮ ಕೈಬರಹದ ಕನ್ನಡದ ಚೀಟಿಗಳೂ ಇವೆ. ಅಕ್ಷರ ಬಾರದವರಿಗೆ ಬಂದವರು ಓದಿ ಹೇಳುತ್ತಾರೆ.

ಆ ಹುಡುಗಿಗೆ ದಿನ ತುಂಬಿ ಹೆಣ್ಣು ಕೂಸು ಹುಟ್ಟಿತು. ತೂಕ ಎರಡು ಕಿಲೋ ಆರುನೂರು ಗ್ರಾಂ. ನಮ್ಮ ಮಾತಿನಿಂದಲೇ ಆಯಿತೆಂದು ಹೇಳುವಷ್ಟು ಧೈರ್ಯ ನನಗಿಲ್ಲ. ಎಂಟನೆಯ ತಿಂಗಳಿಂದ ಅವಳ ಗಂಡ ಇಟ್ಟಿಗೆಯ ಕೆಲಸ ಬಿಡಿಸಿದ್ದ. ಎರಡು ತಿಂಗಳ ಕೂಲಿ ಹೋಯಿತು. ಅದರ ಪಾಲೂ ಉಂಟು. ಅದೇ ವರುಷ ನಮ್ಮಲ್ಲಿಗೆ ಬರುತ್ತಿದ್ದ ಇನ್ನೊಬ್ಬಳ ಕೂಸು ಎರಡು ಕಿಲೋಗೇ ನಿಂತಿತು. ಅವಳೂ ಹೇಳಿದ್ದೆಲ್ಲ ಕೇಳಿದ್ದಳು. ತಿನ್ನಲು ಮನೆಯಲ್ಲಿ ಏನಿತ್ತೋ!

ಬಾಲ್ಕನಿಯಲ್ಲಿ ಕೂತು ಇದನ್ನು ಓದುವ ಸೋದರಿಯರು ಇದು ಬಡವರ ಮಾತೆಂದು ಪುಟ ತಿರುವಬಾರದು. ನಮ್ಮ ಮನೆಗಳಲ್ಲಿ 'ಇಬ್ಬರ ಊಟ' ಎಂದು ತುಪ್ಪ, ಪೇಢೆ ತುಂಬಿಸಿ, ಆರನೆಯ ತಿಂಗಳಲ್ಲಿ ಸಕ್ಕರೆ ಏರಿತೆಂದು ಡಾಕ್ಟರರ ಬಳಿ ಓಡುವವರೂ ಇದ್ದಾರೆ. ನಮ್ಮ ಸೊಸೆಯಂದಿರ ತಟ್ಟೆಯಲ್ಲಿಯೂ ಅನ್ನದ ಗುಡ್ಡದ ಪಕ್ಕ ಪಲ್ಯ ಒಂದು ಚಮಚವಷ್ಟೇ ಇರುತ್ತದೆ.

ಹುಡುಗಿಯ ಅತ್ತೆ ಊರಿನಿಂದ ಮೊಮ್ಮಗಳನ್ನು ನೋಡಲು ಬಂದವಳು ಹೋದ ಗುರುವಾರ ನಮ್ಮಲ್ಲಿಗೂ ಬಂದಿದ್ದಳು. ಗೋಡೆಯ ಚಿತ್ರಗಳನ್ನೆಲ್ಲ ಒಂದೊಂದಾಗಿ ನೋಡಿ, "ಇದರಾಗ ನುಗ್ಗಿಸೊಪ್ಪು ಇಲ್ಲಲ್ರೀ ಅಕ್ಕಾರ" ಎಂದಳು. ಹೌದು, ಇರಲಿಲ್ಲ. ಅದರ ಚಿತ್ರವನ್ನು ಈ ವಾರ ಬರೆಸಬೇಕು.