ಧೋತರ ಆರುವ ಮುನ್ನ

ಬೆಟಗೇರಿಯ ಈ ಮನೆಯ ಬಾಗಿಲು ತಗ್ಗು. ತಲೆ ಬಗ್ಗಿಸಿ ಒಳಗೆ ಬನ್ನಿ. ಬಿಸಿಲಿನಿಂದ ಬಂದ ಕಣ್ಣಿಗೆ ಮೊದಲು ಬರೀ ಕತ್ತಲೆ. ಕಿವಿಗೆ ಮಾತ್ರ ಸಿಗುತ್ತದೆ: ಖಟ್, ಸರ್ರ್, ಖಟ್. ಗಂಜಿ ಹಚ್ಚಿದ ನೂಲಿನ ಹುಳಿವಾಸನೆ ಮೂಗಿಗೆ ಅಡರುತ್ತದೆ. ನಿಧಾನಕ್ಕೆ ಮಗ್ಗ ಕಾಣುತ್ತದೆ, ಆಮೇಲೆ ಅದರ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತ ಅಜ್ಜ. ಅವರು ತಲೆ ಎತ್ತುವುದಿಲ್ಲ. ಎತ್ತಿದರೆ ಲಾಳಿ ತಪ್ಪುತ್ತದೆ.

ನೀವು ಬಂದದ್ದು ಸೀರೆ ನೋಡಲಿಕ್ಕೆ. ಆದರೆ ಎದೆಯ ಮೇಲೆ ಬೇರೆ ಭಾರವಿದೆ. ಮನೆಯಲ್ಲೊಬ್ಬರು ಹಾಸಿಗೆ ಹಿಡಿದಿದ್ದಾರೆ. ನಿನ್ನೆ ಸಂಜೆ ಗದಗಿನ ವೀರನಾರಾಯಣನ ಮುಂದೆ ನಿಂತು ಹರಕೆ ಹೊತ್ತಿದ್ದೀರಿ. ರಾತ್ರಿಯಿಡೀ ನಿದ್ದೆಯಿಲ್ಲ, ಹರಕೆಯ ಬೆನ್ನಿಗೇ ತಲೆಯೊಳಗೆ ಒಂದು ಹುಳ ಹೊಕ್ಕಿದೆ. ದೇವರು ಕಾಲಕ್ಕೆ ಸಿಕ್ಕದವನು ಎನ್ನುತ್ತಾರೆ. ಅವನಿಗೆ ನಿನ್ನೆಯಿಲ್ಲ, ನಾಳೆಯಿಲ್ಲ. ಹಾಗಾದರೆ ನಾನು ಬೇಡುವ ಮೊದಲು ಹೇಗಿದ್ದನೋ ಬೇಡಿದ ಮೇಲೂ ಹಾಗೇ ಇದ್ದಾನೆ. ಅವನಲ್ಲಿ ಏನೂ ಅಲುಗದಿದ್ದರೆ ನನ್ನ ಹರಕೆ ಯಾರನ್ನು ಮುಟ್ಟಿತು?

ತಡೆಯಲಾರದೆ ಕೇಳಿಯೇಬಿಡುತ್ತೀರಿ. ಲಾಳಿ ನಿಲ್ಲುತ್ತದೆ.

“ನಾರಣಪ್ಪನ ಕಂಬಕ್ಕ ಬೆನ್ನ ಹಚ್ಚಿ ಕುಂತೀರೇನು ಯಾವಾಗರ?” ಅಜ್ಜ ಕೇಳುತ್ತಾರೆ. “ಇಲ್ಲಂದ್ರ ಈಗ ಕಣ್ಣ ಮುಚ್ಚಿ ಕುಂದರ್ರಿ. ಇದು ನಿಮಗಷ್ಟ ಬಂದ ಸಂಕಟ ಅಲ್ಲ.”

ಕಣ್ಣು ಮುಚ್ಚಿ.

15ನೇ ಶತಮಾನದ ಒಂದು ನಸುಕು. ಗುಡಿಯ ಕೋನೇರಿಯ ಮೆಟ್ಟಿಲು ಪಾಚಿಗಟ್ಟಿ ಜಾರುತ್ತಿದೆ. ಒಂದು ಮೆಟ್ಟಿಲು, ಇನ್ನೊಂದು, ಮೊಣಕಾಲಿಗೆ ನೀರು. ಮುಳುಗುತ್ತೀರಿ. ಚಳಿ ಮೊದಲು ನೆತ್ತಿಗೆ ಹೊಡೆದು ಆಮೇಲೆ ಎಲುಬಿಗೆ ಇಳಿಯುತ್ತದೆ. ಎದ್ದು ಬಂದಾಗ ಧೋತರ ತೊಡೆಗೆ ಅಂಟಿಕೊಂಡಿದೆ, ಹಿಂಡುವಂತಿಲ್ಲ. ಹಿಂಡಿದರೆ ಹೊತ್ತು ಕಡಿಮೆಯಾಗುತ್ತದೆ. ನೀವೀಗ ಕೋಳಿವಾಡದ ನಾರಣಪ್ಪ, ಮುಂದೆ ಜನ ಕುಮಾರವ್ಯಾಸ ಎಂದು ಕರೆಯುವವರು. ಊರು ಹೇಳುವ ಕಥೆಯಲ್ಲಿ ನಿಮಗೆ ಹಾಕಿದ ಕರಾರು ಇಷ್ಟೇ: ಮೈಮೇಲಿನ ಬಟ್ಟೆ ಒದ್ದೆ ಇರುವಷ್ಟು ಹೊತ್ತು ಮಹಾಭಾರತದ ಕಥೆ ಕೇಳಿಬರುತ್ತದೆ. ಆರಿತೋ, ಮುಗಿಯಿತು. ಹೇಳುವವರು ಯಾರೆಂದು ತಿರುಗಿ ನೋಡಬಾರದು. ಆ ದನಿ ಅಶ್ವತ್ಥಾಮನದು ಎನ್ನುವವರಿದ್ದಾರೆ, ವೀರನಾರಾಯಣನದೇ ಎನ್ನುವವರೂ ಇದ್ದಾರೆ. ಇವತ್ತು ನಿಮ್ಮ ಬೆನ್ನಿಗೆ ತಾಗುವುದು ಎರಡನೆಯದು.

ಕಂಬಕ್ಕೆ ಬೆನ್ನು ಕೊಡುತ್ತೀರಿ. ಕಲ್ಲು ನೀರಿಗಿಂತ ತಣ್ಣಗಿದೆ. ನಂದಾದೀಪದ ಎಣ್ಣೆಯ ಕಮಟು, ನಿನ್ನೆಯ ತುಳಸಿ, ಎಲ್ಲೋ ಮೇಲೆ ಬಾವಲಿಯ ರೆಕ್ಕೆ. ಎಡಗೈಯಲ್ಲಿ ತಾಳೆಗರಿ, ಬಲಗೈಯಲ್ಲಿ ಕಬ್ಬಿಣದ ಕಂಟ. ಗರಿಯ ಮೇಲೆ ಗೀರಿದ್ದು ಗೀರಿದ್ದೇ, ಅಳಿಸುವ ಮಾತಿಲ್ಲ. ಬರೆದ ಪದವನ್ನು ಎಂದೂ ಹೊಡೆದುಹಾಕಲಿಲ್ಲ ಎಂದು ಮುಂದೆ ನೀವೇ ಹೆಮ್ಮೆಯಿಂದ ಹೇಳಿಕೊಳ್ಳುವಿರಿ. ಈಗ ಹೆಮ್ಮೆಯಿಲ್ಲ, ಭಯವಿದೆ.

ದನಿ ಬರುತ್ತದೆ. ಮೂರು, ನಾಲ್ಕು, ಮೂರು, ನಾಲ್ಕು. ಭಾಮಿನಿ ಷಟ್ಪದಿಯ ಆರು ಸಾಲು, 102 ಮಾತ್ರೆ. ಮಾತ್ರೆ ಎಂದರೆ ಕಾಲದ ಅಳತೆ, ರೆಪ್ಪೆ ಬಡಿಯುವಷ್ಟು ಹೊತ್ತು. ಕಾಲವೇ ಇಲ್ಲದವನು ನಿಮ್ಮ ಬೆನ್ನ ಹಿಂದೆ ರೆಪ್ಪೆಬಡಿತಗಳನ್ನು ಎಣಿಸುತ್ತಿದ್ದಾನೆ! ಮೊದಲ ಅಕ್ಷರ ಮುಗಿಯದೆ ಎರಡನೆಯದು ಬರುವುದಿಲ್ಲ. ಎರಡನೆಯದು ಬಂದಾಗ ಮೊದಲನೆಯದು ಇರುವುದಿಲ್ಲ. ಅವನೂ ಕಾಯುತ್ತಿದ್ದಾನೆಯೆ, ಒಂದರ ನಂತರ ಇನ್ನೊಂದನ್ನು? ಅಥವಾ ಇಡೀ ಭಾರತ ಅವನೆದುರು ಒಂದೇ ಚಿತ್ರವಾಗಿ ನಿಂತಿದ್ದು, ಬಿಡಿಬಿಡಿಯಾಗಿ ಕೇಳುತ್ತಿರುವುದು ನಿಮ್ಮ ಕಿವಿಯ ಬಡತನವೆ?

ಯೋಚಿಸಲು ಹೊತ್ತಿಲ್ಲ. ಹೆಗಲ ಅಂಚು ಆಗಲೇ ಬೆಳ್ಳಗಾಗುತ್ತಿದೆ.

ಸಭೆ ತೆರೆದುಕೊಳ್ಳುತ್ತದೆ. ದ್ರೌಪದಿಯ ಮುಡಿ ದುಶ್ಶಾಸನನ ಮುಷ್ಟಿಯಲ್ಲಿ. ಗಂಡಂದಿರು ನೆಲ ನೋಡುತ್ತಿದ್ದಾರೆ. ಅವಳ ಕೈ ಸೆರಗು ಬಿಡುತ್ತದೆ, ಎರಡೂ ಕೈ ಮೇಲೇಳುತ್ತವೆ, ಕೃಷ್ಣನನ್ನು ಕೂಗುತ್ತಾಳೆ. ದುಶ್ಶಾಸನ ಸೀರೆ ಎಳೆಯುತ್ತಾನೆ. ಇನ್ನೊಂದು. ಮತ್ತೊಂದು. ರಾಶಿ ಬೀಳುತ್ತದೆ, ಎಳೆದವನ ರಟ್ಟೆ ಸೋಲುತ್ತದೆ. ನಿಮ್ಮ ಕಂಟ ನಡುಗುತ್ತದೆ. ಆ ಬಟ್ಟೆಯನ್ನು ಯಾವಾಗ ನೇಯ್ದದ್ದು? ಕೂಗಿದ ಮೇಲೋ, ಮೊದಲೇ ಮಡಿಚಿಟ್ಟದ್ದೋ? ಮೊದಲೇ ಇದ್ದರೆ ಅವಳು ಗಂಟಲು ಹರಿಯುವ ಹಾಗೆ ಕೂಗಿದ್ದು ಏಕೆ?

ದೊಡ್ಡವರು ಇದಕ್ಕೆ ಉತ್ತರ ಕೊಟ್ಟಿದ್ದಾರೆ. ಮಾಡುವುದು, ಆಗುವುದು ಎಲ್ಲ ನಮ್ಮ ಕಣ್ಣಿನ ತೋರಿಕೆ, ಹಗ್ಗದಲ್ಲಿ ಹಾವು ಕಂಡ ಹಾಗೆ. ಬ್ರಹ್ಮ ವಿಕಾರವಿಲ್ಲದ್ದು ಎಂದರು ಶಂಕರರು. 13ನೇ ಶತಮಾನದ ಮಧ್ವರು ಒಪ್ಪಲಿಲ್ಲ. ದೇವರು ನಿಜಕ್ಕೂ ಮಾಡುತ್ತಾನೆ, ಆ ಕ್ರಿಯೆ ಅವನಲ್ಲಿ ಸದಾ ಶಕ್ತಿಯಾಗಿ ಇದ್ದೇ ಇದ್ದು ಆಯಾ ಹೊತ್ತಿಗೆ ಪ್ರಕಟವಾಗುತ್ತದೆ, ಅವನು ಮಾತ್ರ ಬದಲಾಗುವುದಿಲ್ಲ ಎಂದರು. ಇವರಿಬ್ಬರಿಗೂ ಮೊದಲು, 6ನೇ ಶತಮಾನದಲ್ಲಿ, ದೂರದ ಇಟಲಿಯ ಸೆರೆಯಲ್ಲಿ ಬೊಯೆಥಿಯಸ್ ಎಂಬವನು ಮರಣದಂಡನೆಗೆ ಕಾಯುತ್ತ ಇದನ್ನೇ ಬರೆದ: ದೇವರಿಗೆ ಎಲ್ಲ ಹೊತ್ತೂ ಒಟ್ಟಿಗೇ ‘ಈಗ’. ಬೆಟ್ಟದ ತುದಿಯಿಂದ ದಾರಿಯುದ್ದಕ್ಕೂ ಒಮ್ಮೆಗೇ ಕಂಡಂತೆ. ಹಾಗಿದ್ದರೆ ದ್ರೌಪದಿಯ ಕೂಗೂ ಆ ‘ಈಗ’ದ ಒಳಗೇ ಇದೆ. ಅವನು ಕೇಳಿ ಆಮೇಲೆ ಕೊಟ್ಟದ್ದಲ್ಲ, ಕೇಳುತ್ತಲೇ ಕೊಡುತ್ತಿದ್ದಾನೆ.

ಮಾತು ಚೆನ್ನಾಗಿದೆ. ಆದರೆ ಬೆನ್ನ ಹಿಂದಿನ ದನಿ ಅಷ್ಟಕ್ಕೆ ಬಿಡುವುದಿಲ್ಲ.

ಕುರುಕ್ಷೇತ್ರ. ಆಯುಧ ಮುಟ್ಟುವುದಿಲ್ಲ ಎಂದು ಮಾತು ಕೊಟ್ಟ ಕೃಷ್ಣ ಲಗಾಮು ಹಿಡಿದಿದ್ದಾನೆ. ಭೀಷ್ಮರ ಬಾಣಗಳು ಬಿದ್ದು ಅರ್ಜುನ ಮಂಕಾಗಿದ್ದಾನೆ. ಲಗಾಮು ಜಾರುತ್ತದೆ. ಅವನು ಧುಮುಕುತ್ತಾನೆ. ಕೈಯಲ್ಲಿ ಚಕ್ರ. ಓಡುತ್ತಾನೆ. ಭೀಷ್ಮರು ಬಿಲ್ಲು ಇಳಿಸಿ ಕೈ ಮುಗಿಯುತ್ತಾರೆ, ಬಾ ಎನ್ನುತ್ತಾರೆ. ಕೊಟ್ಟ ಮಾತು ಮುರಿಯಿತು. ಇವನು ಬದಲಾಗದವನೆ? ಬೆಟ್ಟದ ಮೇಲೆ ನಿಂತು ದಾರಿ ನೋಡುವವನು ಹೀಗೆ ಧೂಳಿನಲ್ಲಿ ಓಡುತ್ತಾನೆಯೆ? ತತ್ತ್ವದ ದೇವರು ಅಲುಗುವುದಿಲ್ಲ, ನಿಮ್ಮ ಕಂಟದ ತುದಿಯ ದೇವರಿಗೆ ಉಸಿರು ಮೇಲೆ ಬಂದಿದೆ. ಎರಡರಲ್ಲಿ ಒಂದನ್ನು ಅಳಿಸಬೇಕು ಅನಿಸುತ್ತದೆ. ತಾಳೆಗರಿ ಅಳಿಸಲು ಬಿಡುವುದಿಲ್ಲ.

ಹೀಗೆಯೇ ವರ್ಷಗಳು. ದಿನಾ ಕೋನೇರಿ, ದಿನಾ ಕಂಬ. ಹತ್ತನೆಯ ಪರ್ವ. ದುರ್ಯೋಧನ ವೈಶಂಪಾಯನ ಸರೋವರದ ತಳದಲ್ಲಿ ಅಡಗಿದ್ದಾನೆ. ದಡದಿಂದ ಮೂದಲಿಕೆ. ನೀರು ಕಲಕುತ್ತದೆ. ಅವನು ಏಳುತ್ತಾನೆ, ಮೈಯಿಂದ ನೀರು ಸುರಿಯುತ್ತಿದೆ, ನಿಮ್ಮ ಮೈಯಿಂದ ಸುರಿದಂತೆಯೇ. ಗದೆಗೆ ಗದೆ ತಾಗುತ್ತದೆ. ಆ ಸದ್ದು ಕಥೆಯದಲ್ಲ. ಅದು ಇಲ್ಲಿದೆ, ಹಿಂದೆ, ನಾಲ್ಕು ಹೆಜ್ಜೆ ದೂರದಲ್ಲಿ. ಧೂಳಿನ ವಾಸನೆ. ರಕ್ತದ ವಾಸನೆ. ಕತ್ತು ಬಿಗಿಯುತ್ತದೆ. ತಿರುಗಬಾರದು. ಎಂಟು ಸಾವಿರಕ್ಕೂ ಮಿಕ್ಕಿದ ಪದ್ಯಗಳವರೆಗೆ ತಿರುಗಿಲ್ಲ. ಯಾರವನು? ತಿರುಗಬಾರದು. ಒಮ್ಮೆ, ಒಂದೇ ಒಂದು ಮಾತ್ರೆ.

ತಿರುಗುತ್ತೀರಿ.

ಒಂದು ಕ್ಷಣ ಎಲ್ಲವೂ ಇದೆ, ರಣರಂಗ, ಹೇಳುವವನು, ಎಲ್ಲ. ಮರುಕ್ಷಣ ಬರೀ ಕರಿಕಲ್ಲು, ನಂದಾದೀಪ. ಧೋತರ ಇನ್ನೂ ಒದ್ದೆಯಿದೆ. ದನಿ ಇಲ್ಲ.

ಇನ್ನೆಂದೂ ಬರುವುದಿಲ್ಲ. ನಿಮ್ಮ ಭಾರತ ಹತ್ತು ಪರ್ವಕ್ಕೇ ನಿಲ್ಲುತ್ತದೆ. ಉಳಿದದ್ದನ್ನು ಮುಂದೆ ಕೃಷ್ಣದೇವರಾಯನ ಕಾಲದ ತಿಮ್ಮಣ್ಣ ಕವಿ ಬರೆಯುತ್ತಾನೆ.

ಆ ಮೌನದಲ್ಲಿ ಕೂತು ನೋಡಿ, ಪ್ರಶ್ನೆ ಬೇರೆ ಮುಖ ತೋರಿಸುತ್ತದೆ. ಕೊನೆಯಿಲ್ಲದವನು ತನ್ನ ಮಾತನ್ನು ಒಂದು ಒದ್ದೆ ಬಟ್ಟೆಗೆ ಕಟ್ಟಿಕೊಂಡಿದ್ದ. ಯಾರ ಬಲವಂತವೂ ಇರಲಿಲ್ಲ. ಕರಾರು ಹಾಕಿದವನು ಅವನೇ, ಅದನ್ನು ಮುರಿಯುವ ಕೈಯನ್ನು ಮಾತ್ರ ನಿಮಗೆ ಬಿಟ್ಟ. ನೀವು ಕತ್ತು ತಿರುಗಿಸಿದ್ದರಿಂದ ಅವನು ನಿಂತ. ಕಾಲ ಅವನನ್ನು ಹಿಡಿಯಲಿಲ್ಲ ನಿಜ, ಅವನೇ ಬಂದು ನಿಮ್ಮ ಕಾಲದಲ್ಲಿ ಸಿಕ್ಕಿಕೊಂಡ. ಇಲ್ಲಿಗೆ ಹತ್ತಿರದ ಲಕ್ಷ್ಮೇಶ್ವರದಲ್ಲೂ ಇಂಥದೇ ಕಥೆ. ಶಿವಭಕ್ತ ಆದಯ್ಯನ ಹಟಕ್ಕೆ ಸೌರಾಷ್ಟ್ರದ ಸೋಮನಾಥ ಈ ಊರಿಗೆ, ಅಂದಿನ ಪುಲಿಗೆರೆಗೆ, ಬಂದನಂತೆ. ರಾಘವಾಂಕ ಅದನ್ನೇ ‘ಸೋಮನಾಥ ಚರಿತೆ’ ಮಾಡಿದ. ಎಲ್ಲೆಲ್ಲೂ ಇರುವವನು ಎಲ್ಲಿಂದ ಬರಬೇಕು? ಆದರೂ ಈ ಸೀಮೆಯ ಜನ ‘ಬಂದ’ ಎಂದೇ ಹೇಳುತ್ತಾರೆ. ಆ ಕ್ರಿಯಾಪದವನ್ನು ಅವರು ಬಿಟ್ಟುಕೊಡುವುದಿಲ್ಲ.

ಕಣ್ಣು ಬಿಡಿ. ಬೆಟಗೇರಿ. ಅಜ್ಜ ಮತ್ತೆ ಮಗ್ಗ ತುಳಿಯುತ್ತಿದ್ದಾರೆ.

“ಹಾಸು ಮೊದಲ ಹಾಕಿರತೇವ್ರಿ. ಸೀರಿ ಎಷ್ಟ ಮೊಳ, ಅಂಚ ಯಾವ ಬಣ್ಣ, ಎಲ್ಲಾ ಅದರಾಗ ಐತಿ. ಆದ್ರ ಹೊಕ್ಕ ಹೊಡೀಲಿಲ್ಲಂದ್ರ ಅದು ಸೀರಿ ಆಗಂಗಿಲ್ಲ.”

“ಹಂಗಾರ ನನ್ನ ಹರಕಿ, ಅಜ್ಜಾರ? ಅದೂ ಒಂದ ಹೊಕ್ಕೇನು?”

“ನನಗೇನ ಗೊತ್ತರಿ. ನಾ ನೇಯಾಂವ.”

ಅಷ್ಟರಲ್ಲಿ ಒಂದು ಎಳೆ ಹರಿಯುತ್ತದೆ. ಅಜ್ಜ ಬೆರಳ ತುದಿಯನ್ನು ನಾಲಿಗೆಗೆ ಮುಟ್ಟಿಸಿ ಒದ್ದೆ ಮಾಡಿಕೊಳ್ಳುತ್ತಾರೆ. ಹರಿದ ಎರಡು ತುದಿಗಳನ್ನು ತಂದು ಹೊಸೆಯುತ್ತಾರೆ. ಆ ತೇವ ಆರುವಷ್ಟರಲ್ಲಿ ಗಂಟು ಬಿದ್ದಿದೆ. ಬೆರಳಿಂದ ಸವರಿ ನೋಡುತ್ತೀರಿ, ಎಲ್ಲಿ ಕೂಡಿತು ಎಂದು ಕಣ್ಣಿಗೆ ಕಾಣದು, ಬೆರಳಿಗೆ ಮಾತ್ರ ಸಣ್ಣಗೆ ತಡೆಯುತ್ತದೆ.

ಖಟ್, ಸರ್ರ್, ಖಟ್. ಬಾಗಿಲಲ್ಲಿ ಮತ್ತೆ ತಲೆ ಬಗ್ಗಿಸುತ್ತೀರಿ. ಇವತ್ತು ಸಂಜೆ ಮತ್ತೊಮ್ಮೆ ಗುಡಿಗೆ ಹೋಗಬೇಕು.