ಎಂಟು ಸೆಕೆಂಡುಗಳ ಲೆಕ್ಕ

ಅಮೆರಿಕದ ಲಾಸ್ ವೇಗಸ್ ನಗರದಲ್ಲಿ 1985ರಿಂದ, 2020ನ್ನು ಹೊರತುಪಡಿಸಿ, ಪ್ರತಿ ಡಿಸೆಂಬರಿನಲ್ಲಿ ಹತ್ತು ರಾತ್ರಿ ರೋಡಿಯೋದ ರಾಷ್ಟ್ರೀಯ ಅಂತಿಮ ಸ್ಪರ್ಧೆ ನಡೆಯುತ್ತದೆ. ದನಗಾಹಿಗಳ ನಿತ್ಯದ ಕಸುಬೇ ಇಲ್ಲಿ ಪಂದ್ಯವಾಗಿ ಬೆಳೆದಿದೆ. ಹಗಲು ಟೋಪಿ, ಬೂಟು, ಜೀನುಗಳ ಮಾರಾಟ, ಇರುಳು ಪಂದ್ಯ, ಅನಂತರ ಸಂಗೀತ. ಜಾತ್ರೆಯನ್ನು ಬಲ್ಲವರಿಗೆ ಈ ಸಂಭ್ರಮ ಅಪರಿಚಿತವಲ್ಲ.

ಸವಾರನು ಒಂದೇ ಕೈಯಲ್ಲಿ ಹಗ್ಗ ಹಿಡಿದು ಗೂಳಿಯ ಮೇಲೆ ಎಂಟು ಸೆಕೆಂಡು ನಿಲ್ಲಬೇಕು. ನೂರು ಅಂಕಗಳಲ್ಲಿ ಅರ್ಧ ಸವಾರನ ಪಾಲು, ಅರ್ಧ ಗೂಳಿಯ ಪಾಲು. ಗೂಳಿ ಹೆಚ್ಚು ಕುಪ್ಪಳಿಸಲೆಂದು ಅದರ ಸೊಂಟಕ್ಕೆ ಪಟ್ಟಿ ಬಿಗಿಯುತ್ತಾರೆ. ಇನ್ನೊಂದು ಪಂದ್ಯದಲ್ಲಿ ಓಡುವ ಕರುವಿನ ಕೊರಳಿಗೆ ಕುಣಿಕೆ ಎಸೆದು, ನೆಲಕ್ಕೆ ಕೆಡವಿ, ಮೂರು ಕಾಲುಗಳನ್ನು ಕಟ್ಟುತ್ತಾರೆ. ಪಶುವೈದ್ಯರು ಸ್ಥಳದಲ್ಲಿರಬೇಕೆಂಬ ನಿಯಮವೇನೋ ಇದೆ.

ಅಪಾಯ ಮನುಷ್ಯನಿಗೂ ಉಂಟು. 1987ರ ವಿಶ್ವವಿಜೇತ ಲೇನ್ ಫ್ರಾಸ್ಟ್ 1989ರಲ್ಲಿ ಶೈಯಾನ್ ನಗರದ ಕಣದಲ್ಲಿ ಗೂಳಿಯ ಕೊಂಬಿನ ಪೆಟ್ಟಿಗೆ ಅಸುನೀಗಿದನು. ಆದರೆ ಅವನು ತಾನೇ ಬಯಸಿ ಕಣಕ್ಕಿಳಿದವನು. ಕರುವಿಗೆ ಆ ಆಯ್ಕೆಯಿಲ್ಲ.

ಹಿಂಸೆಯನ್ನು ಮಾಡುವುದು, ಮಾಡಿಸುವುದು, ಅನುಮೋದಿಸುವುದು ಎಂದು ಹಿರಿಯರು ಮೂರು ಬಗೆಯಾಗಿ ಎಣಿಸಿದ್ದಾರೆ. ಕಣದಲ್ಲಿ ಹಗ್ಗ ಬೀಸುವವನು ಒಬ್ಬನೇ. ಚೀಟಿ ಕೊಂಡು ಚಪ್ಪಾಳೆ ತಟ್ಟುವವರು ಸಾವಿರಾರು. ಆ ಚಪ್ಪಾಳೆಯನ್ನು ಯಾವ ಖಾತೆಗೆ ಬರೆಯಬೇಕೆಂಬುದನ್ನು ನೋಡಲು ಹೋದವರೇ ನಿರ್ಧರಿಸಬೇಕು.